ಅವ್ವ ಎಂಬ ಎರಡಕ್ಷರ

ಈ ಮಾತನ್ನು ಹೇಳಬೇಕು ಎಂದುಕೊಂಡು ಆರು ವರ್ಷ ಮುಂದೂಡಿದ್ದೇನೆ. ಮುಂದೂಡಲು ನನಗೆ ನೆಪಗಳ ಕೊರತೆ ಎಂದೂ ಬಿದ್ದಿಲ್ಲ. ಒಮ್ಮೆ ದಸರೆ, ಒಮ್ಮೆ ಮಂಡಿನೋವು, ಒಮ್ಮೆ ಬಿಸಿಲು. ರಾಯಚೂರಿನಲ್ಲಿ ಬಿಸಿಲಿನ ನೆಪ ಹೇಳಿದರೆ ವರ್ಷಕ್ಕೆ ಹತ್ತು ತಿಂಗಳು ಯಾರೂ ತಕರಾರು ಮಾಡುವುದಿಲ್ಲ. ಇನ್ನೂ ಮುಂದೂಡುತ್ತಿದ್ದೆನೇನೋ. ಆದರೆ ಮೊನ್ನೆ ಮನೆಗೆ ಸುಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡುವಾಗ ಹಳೆಯ ಟ್ರಂಕಿನ ಹಿಂದಿನಿಂದ ಒಂದು ಪಾಟಿ ಜಾರಿ ಕೆಳಗೆ ಬಿತ್ತು. ನೀವು ಸ್ಲೇಟು ಅನ್ನುತ್ತೀರಿ, ನಾವು ಪಾಟಿ ಅನ್ನುತ್ತೇವೆ. ಅದು ಒಡೆಯಲಿಲ್ಲ. ಒಡೆದಿದ್ದರೆ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿದ್ದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊಮ್ಮಗಳು ಪಲ್ಲವಿ ಅದನ್ನು ಎತ್ತಿಕೊಂಡಳು. ಅವಳಿಗೀಗ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಫ್ರಾಕಿನ ತುದಿಯಿಂದ ಧೂಳು ಒರೆಸಿ ಗಟ್ಟಿಯಾಗಿ ಓದಿದಳು.

"ಈ ಮನೆಯಲ್ಲಿ ಕನ್ನಡ ಮಾತ್ರ."

ಆಮೇಲೆ ನನ್ನ ಮುಖ ನೋಡಿದಳು. "ತಾತಾ, ಇದು ನಿನ್ನ ಅಕ್ಷರ ಅಲ್ಲೇನು? ಯಾಕ ಬರ್ದಿದ್ದಿ? ಮ್ಯಾಲ ಕುಂಕುಮ ಯಾರು ಹಚ್ಯಾರ?"

"ಯಾವ್ದೋ ಹಳೀ ಬೋರ್ಡು ಇರಬೇಕವ್ವ, ಇಟ್ಬಿಡು ಅತ್ಲಾಗ," ಎಂದೆ.

ಎಪ್ಪತ್ತೆರಡು ವರ್ಷದವನು ಒಂಬತ್ತು ವರ್ಷದವಳಿಗೆ ಹೇಳಿದ ಸುಳ್ಳು. ಅವಳು ನಂಬಲಿಲ್ಲ. ಪಾಟಿಯನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಳು. ಬರುವ ಭಾನುವಾರ ನಾವೆಲ್ಲ ಮಾನ್ವಿ ಹತ್ತಿರದ ಕ್ಯಾಂಪಿಗೆ, ನನ್ನ ಸೊಸೆಯ ತವರಿಗೆ ಹೋಗುವುದಿದೆ. "ಅಲ್ಲಿ ಅವ್ವನಿಗಿ ತೋರ್ಸಿ ಕೇಳ್ತೀನಿ, ಅಕಿಗಿ ಎಲ್ಲಾ ಗೊತ್ತಿರ್ತದ," ಎನ್ನುತ್ತಿದ್ದಾಳೆ. ಅವ್ವ ಎಂದು ಅವಳು ಕರೆಯುವುದು ನನ್ನ ಸೊಸೆಯ ತಾಯಿಯನ್ನು. ಇವತ್ತು ಗುರುವಾರ.

ನಾನು ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಬರೆಯುತ್ತಿದ್ದ ಪೇಂಟರ್ ಅನ್ನಬೇಕು. ದೇವದುರ್ಗದಲ್ಲಿ ಹತ್ತನೆಯ ತರಗತಿ ಮುಗಿಸಿ ರಾಯಚೂರಿಗೆ ಬಂದು ಬ್ರಷ್ ಹಿಡಿದೆ. ಐವತ್ತು ವರ್ಷ ಈ ಊರಿನ ಅಂಗಡಿಗಳ ಹಣೆಯ ಮೇಲೆ ಕನ್ನಡ, ತೆಲುಗು, ಉರ್ದು ಮೂರನ್ನೂ ಬರೆದೆ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುವಾಗ ತೋಳಿಗೆ ಬಣ್ಣ ಹತ್ತುತ್ತಿರಲಿಲ್ಲ, ಏಕೆಂದರೆ ನಾನು ಎಡಚ. ತೆಲುಗು ಮತ್ತು ಕನ್ನಡದ ಕಥೆಯೇ ಬೇರೆ. ಎಷ್ಟೋ ಅಕ್ಷರಗಳ ಮೈ ಒಂದೇ, ತಲೆಕಟ್ಟು ಮಾತ್ರ ಬೇರೆ. ಕನ್ನಡದ್ದು ಅಡ್ಡ ಗೆರೆ ಎಳೆದು ತುದಿ ಸುತ್ತಿದ ಹಾಗೆ, ತೆಲುಗಿನದು ಮಾಸ್ತರರು ಸರಿ ಎಂದು ಹಾಕುವ ಗುರುತಿನ ಹಾಗೆ. ಒಮ್ಮೆ ಮಂತ್ರಾಲಯದ ಕಡೆಯ ಒಂದು ಲಾಡ್ಜಿನ ಬೋರ್ಡು ಮುಗಿಸಿ ಬಂದ ಗುಂಗಿನಲ್ಲೇ ಇಲ್ಲಿನ ಕಿರಾಣಿ ಅಂಗಡಿಯ ಕನ್ನಡ ಬೋರ್ಡಿಗೆ ಕೂತೆ. ಮುಗಿದ ಮೇಲೆ ಅಂಗಡಿಯವನು ಕೆಳಗೆ ನಿಂತು ತಲೆ ಎತ್ತಿ ನೋಡಿದ.

"ಪೇಂಟರಪ್ಪಾ, ನನ್ನ ಅಂಗಡಿ ಹೆಸರಿಗಿ ಇಷ್ಟು ರೈಟ್ ಮಾರ್ಕ್ ಯಾಕ ಹಾಕಿ? ನಾನೇನ್ ಪರೀಕ್ಷಾ ಪಾಸ್ ಆಗೀನೇನು?"

ಏಣಿ ಹತ್ತಿ ಎಲ್ಲ ತಲೆಕಟ್ಟುಗಳನ್ನೂ ಸೀಮೆಎಣ್ಣೆಯಿಂದ ಒರೆಸಿ ಮತ್ತೆ ಬರೆದೆ. ಮೈ ಹಾಗೇ ಇತ್ತು, ತಲೆ ಬದಲಾಯಿತು. ಅಷ್ಟು ಸಲೀಸಾಗಿ ಒಂದು ಭಾಷೆಯನ್ನು ಇನ್ನೊಂದಾಗಿ ಮಾಡಿದ ಕೈ ಇದು. ಅದೇ ಕೈ ಆ ಪಾಟಿಯನ್ನೂ ಬರೆಯಿತು.

ನಾನು ಹುಟ್ಟಿದ ಮನೆಯಲ್ಲೇನೂ ಒಂದೇ ಭಾಷೆ ಇರಲಿಲ್ಲ. ನಮ್ಮಪ್ಪ ದೇವದುರ್ಗದಲ್ಲಿ ಕುರಿ ಕಾಯುತ್ತಿದ್ದ. ನಿಜಾಮರ ಕಾಲದ ಶಾಲೆಯಲ್ಲಿ ನಾಲ್ಕು ವರ್ಷ ಉರ್ದು ಕಲಿತಿದ್ದ. ಸಹಿ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ, ಸಂತೆಯ ಚೌಕಾಸಿ ತೆಲುಗಿನಲ್ಲಿ. ಕುರಿಗಳ ಜೊತೆ ಆಡುತ್ತಿದ್ದ ಮಾತು ಇವು ಮೂರಕ್ಕೂ ಸೇರಿದ್ದಲ್ಲ. ಅದನ್ನು ನಾನು ನಾಲ್ಕನೆಯ ಭಾಷೆ ಅಂತಲೇ ಲೆಕ್ಕ ಹಿಡಿದಿದ್ದೆ, ನನಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದೂ ಅದೇ. ಶಾಲೆಗೆ ಹೋದ ಮೊದಲ ದಿನ ಮಾಸ್ತರರು ಹೆಸರು ಕೇಳಿದರೆ ನಾನು ಗಾಬರಿಯಲ್ಲಿ ಕುರಿ ಕರೆಯುವ ಹಾಗೆ ಬಾಯಿಂದ ಒಂದು ಸದ್ದು ಹೊರಡಿಸಿದೆನಂತೆ. ಮಾಸ್ತರರು ನಕ್ಕು ಹಾಜರಿ ಹಾಕಿಕೊಂಡರು. ಯಾರೂ ನನ್ನ ನಾಲಿಗೆ ತೊಳೆಯಲು ಬರಲಿಲ್ಲ. ಇದು ಯಾಕೆ ನನಗೆ ಬೇಕಾದಾಗ ನೆನಪಾಗಲಿಲ್ಲವೋ ಗೊತ್ತಿಲ್ಲ.

ನನ್ನ ಮಗ ಶಕ್ತಿನಗರದಲ್ಲಿ ಗುತ್ತಿಗೆಯ ಟೆಕ್ನಿಷಿಯನ್. ಸೊಸೆ ಸುಜಾತ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರವರೇ ಮೆಚ್ಚಿ ಮದುವೆಯಾದರು. ಅವಳ ಹಿರಿಯರು ಕರ್ನೂಲಿನ ಕಡೆಯಿಂದ ಬಂದು, ಕಾಲುವೆ ನೀರು ಹರಿಯುವ ಮಾನ್ವಿಯ ಬಯಲಿನಲ್ಲಿ ನೆಲೆಸಿದವರು. ಹಾಗೆ ಬಂದು ನೆಲೆಸಿದವರ ಊರುಗಳಿಗೆ ನಮ್ಮಲ್ಲಿ ಕ್ಯಾಂಪು ಅನ್ನುತ್ತಾರೆ. ಅಲ್ಲಿ ಮನೆಮಾತು ತೆಲುಗು. ನನ್ನ ಹೆಂಡತಿ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಕೂಸು ಹುಟ್ಟಿ, ಸುಜಾತಳ ಹೆರಿಗೆ ರಜೆ ಮುಗಿದಾಗ, ನೋಡಿಕೊಳ್ಳಲು ಮನೆಯಲ್ಲಿ ಹೆಣ್ಣು ದಿಕ್ಕಿರಲಿಲ್ಲ. ಆಗ ಅವಳ ತಾಯಿ, ನನ್ನ ಬೀಗ್ತಿ, ಒಂದು ಕೈಚೀಲ ಹಿಡಿದು ಬಂದರು.

ಬಂದವರೇ ಬಾಗಿಲಲ್ಲಿ ನಿಂತು "ಅನ್ನಾ" ಎಂದರು. ನಾನು ಒಳಗೆ ತಿರುಗಿ, "ಬೀಗ್ತಿಯವ್ರಿಗಿ ಹಸಿವಾಗ್ಯಾದ, ಲಗೂನ ಅನ್ನ ಹಾಕ್ರಿ," ಎಂದು ಕೂಗಿದೆ. ಸುಜಾತ ನಕ್ಕು ನಕ್ಕು ಗೋಡೆ ಹಿಡಿದಳು. ತೆಲುಗಿನಲ್ಲಿ ಅಣ್ಣನಿಗೆ ಅನ್ನ ಅನ್ನುತ್ತಾರೆಂದು ಬಜಾರಿನಲ್ಲಿ ದಿನಾ ಕೇಳಿದವನೇ ನಾನು. ಆದರೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಬೀಗ್ತಿ ಮಾತ್ರ ನಗದೆ, ಹಾಕಿದ ಅನ್ನವನ್ನು ಕೂತು ಉಂಡರು. ನನ್ನ ಮರ್ಯಾದೆ ಉಳಿಯಲಿ ಎಂದು ಉಂಡದ್ದೆಂದು ಈಗ ತಿಳಿಯುತ್ತದೆ.

ಅವರಿಗೆ ಓದು ಬರಹ ಬಾರದು, ಯಾವ ಭಾಷೆಯಲ್ಲೂ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಕ್ಕಿ ಆರಿಸುತ್ತ ಕಲ್ಲಿಗೆ ಬೈಯುವರು, ಕೂಸಿಗೆ ನೀರು ಹಾಕುತ್ತ ನೀರಿಗೆ ಬುದ್ಧಿ ಹೇಳುವರು. ಸಂಜೆ ಪಲ್ಲವಿಯನ್ನು ಎದುರಿಗೆ ಕೂಡಿಸಿಕೊಂಡು "ಚೆಪ್ಪು ತಲ್ಲೀ, ಚೆಪ್ಪು" ಎನ್ನುವರು. ಹೇಳು ತಾಯಿ, ಹೇಳು ಎಂದು. ತೆಲುಗಿನಲ್ಲಿ ಚಪ್ಪಲಿಗೂ ಚೆಪ್ಪು ಎಂದೇ ಹೆಸರು. ಎರಡು ವರ್ಷದ ಪಲ್ಲವಿ ಒಂದು ದಿನ ದಡಬಡ ಎದ್ದು ಹೋಗಿ ಹೊಸ್ತಿಲ ಬಳಿಯಿಂದ ಒಂದು ಚಪ್ಪಲಿ ತಂದು ಅವರ ತೊಡೆಯ ಮೇಲಿಟ್ಟಳು. ಅಲ್ಲಿಂದ ಅದು ಅವರಿಬ್ಬರ ಆಟವಾಯಿತು. ಇವರು ಹೇಳು ಅನ್ನುವುದು, ಅವಳು ಚಪ್ಪಲಿ ತರುವುದು, ಇಬ್ಬರೂ ಉರುಳಾಡಿ ನಗುವುದು, ಆಮೇಲೆ ಅವಳು ಅಂದು ಕಂಡ ಬೆಕ್ಕು, ಕಾಗೆ, ಐಸ್‌ಕ್ಯಾಂಡಿ ಗಾಡಿ ಎಲ್ಲವನ್ನೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ವರದಿ ಒಪ್ಪಿಸುವುದು. ಬೋರ್ಡಿಗೆ ಬಣ್ಣ ಕಲಸುತ್ತ ಕಟ್ಟೆಯ ಮೇಲೆ ಕೂತ ನಾನು ಅದನ್ನು ಕೇಳುತ್ತಿದ್ದೆ. ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಆಗಲೇ ಒಮ್ಮೆ ಹೇಳಿಬಿಟ್ಟಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಪಲ್ಲವಿ ತನ್ನ ತಾಯಿಯನ್ನು ಅಮ್ಮ ಎನ್ನುತ್ತಿದ್ದಳು, ಬೀಗ್ತಿಯನ್ನು ಅವ್ವ ಎನ್ನುತ್ತಿದ್ದಳು. ನಮ್ಮಲ್ಲಿ ಅವ್ವ ಎಂದರೆ ಹಡೆದವಳು. ನನ್ನನ್ನು ಹಡೆದವಳು, ದೇವದುರ್ಗದ ಮಣ್ಣಿನಲ್ಲಿ ಮಲಗಿರುವವಳು. ಎದುರು ಮನೆಯ ಬಸಣ್ಣ ಒಂದು ದಿನ ಕಟ್ಟೆಗೆ ಬಂದು ಕೂತ.

"ಏನೋ ಪೇಂಟರಪ್ಪಾ, ನಿನ್ನ ಮೊಮ್ಮಗಳು ಬೀಗ್ತಿಗಿ ಅವ್ವ ಅಂತಾಳ. ಹಂಗಾರ ಹಡದಾಕಿ ಯಾರು?"

"ಕೂಸು, ಏನೋ ಅಂತದ ಬಿಡು."

"ಕೂಸು ಅಂತದ, ಕಲಿಸಿದಾಕಿ ಯಾರು? ಬೀಗ್ತಿ ಮಗಳ ಮನ್ಯಾಗ ಝಂಡಾ ಊರ್ಯಾಳ. ನಾಳಿ ನಿನಗೂ ತೆಲುಗಿನಾಗ ಜೋಗುಳ ಹಾಡ್ತಾಳ, ಮಲ್ಕೋ!"

ಅವನು ನಗುತ್ತ ಹೋದ. ನನಗೆ ಮಾತ್ರ ಅವ್ವ ಎಂಬ ಮಾತಿಗೆ ಸಿಟ್ಟು ಬಂತು. ನನ್ನನ್ನು ಕೂಸು ತಾತಾ ಎನ್ನುತ್ತಿತ್ತು. ದೇವದುರ್ಗದ ನಮ್ಮ ಮನೆಯಲ್ಲಿ ಅಜ್ಜನಿಗೆ ಮುತ್ಯಾ ಅನ್ನುವುದು. ತಾತಾ ಎಂದು ಕಲಿಸಿದವರೂ ಬೀಗ್ತಿಯೇ. ಆದರೆ ಅದಕ್ಕೆ ನನಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟಿಗೂ ನನ್ನದೇ ಆದ ಆಯ್ಕೆ ಇತ್ತು ನೋಡಿ.

ಅಂದೇ ಮಧ್ಯಾಹ್ನ, ಕೂಸಿಗೆಂದು ತಂದಿಟ್ಟಿದ್ದ ಹೊಸ ಪಾಟಿಯನ್ನು ಎತ್ತಿಕೊಂಡೆ. ಬಿಳಿ ಎನಾಮೆಲ್ಲಿನಲ್ಲಿ, ಹಬ್ಬಕ್ಕೆ ಬರೆಯುವಷ್ಟು ಮುದ್ದಾಗಿ, ಈ ಮನೆಯಲ್ಲಿ ಕನ್ನಡ ಮಾತ್ರ ಎಂದು ಬರೆದು ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ. ಬೇರೆಯವರು ಜಗಳವಾಡುತ್ತಾರೆ, ನಾನು ಬೋರ್ಡು ಬರೆಯುತ್ತೇನೆ. ಮಗ ಕೇಳಿದ್ದಕ್ಕೆ, "ಶಾಲಿಗಿ ಸೇರಿಸ್ಬೇಕಲ್ಲ, ಎರಡು ಭಾಷಾ ಆದ್ರ ಕೂಸಿಗಿ ಗಲಿಬಿಲಿ ಆಗ್ತದ," ಎಂದೆ. ಅವನು ತಲೆಯಾಡಿಸಿದ. ಸುಜಾತ ಓದಿ ಡ್ಯೂಟಿಗೆ ಹೊರಟಳು.

ಬೀಗ್ತಿ ಬಂದು ಪಾಟಿಯ ಮುಂದೆ ನಿಂತರು. "ಏಂ ರಾಸ್ನಾರು ಅನ್ನಾ?" ಏನು ಬರೆದಿದ್ದೀರಿ ಎಂದು.

ಓದು ಬಾರದ ಹೆಂಗಸು, ಮುಖದಲ್ಲಿ ಸಂತೋಷ. ಆ ಮುಖಕ್ಕೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ.

"ದೇವರ ಹೆಸರು," ಎಂದೆ.

ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಆ ಪಾಟಿಗೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರು. ಕೂಸನ್ನು ಎತ್ತಿಕೊಂಡು ಅವಳ ಕೈಯನ್ನೂ ಮುಗಿಸುತ್ತಿದ್ದರು. ಅವರ ಮನಸ್ಸು ನೋಯುವುದೆಂದು ಮಗನೂ ಸೊಸೆಯೂ ನಿಜ ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ತಪ್ಪು ಅರ್ಧದಷ್ಟಾಗುತ್ತಿತ್ತು. ಪಾಟಿ ತೂಗುಹಾಕಿದ ಮರುದಿನವೇ ಚಹದಂಗಡಿಯ ಖಾಜಾಸಾಬನ ಮುಂದೆ ಅವ್ವನ ಸಂಗತಿ ಎತ್ತಿದೆ. ಅವನು ಕಪ್ಪು ತೊಳೆಯುತ್ತ ಅಂದ, "ಅರೇ ಪೇಂಟರ್ ಸಾಬ್, ಕರ್ನೂಲ್ ಕಡಿ ಅವ್ವ ಅಂದ್ರ ಅಜ್ಜಿ. ನಮ್ಮಾಗ ನಾನಿ ಅಂತೀವಲ್ಲ, ಹಂಗ. ನಿಮ್ಮ ಕೂಸು ಅಜ್ಜಿಗಿ ಅಜ್ಜಿ ಅನ್ನಾಕತ್ತಾದ. ಅದ್ರಾಗೇನ್ ಐತಿ?"

ಗೊತ್ತಿರಲಿಲ್ಲ, ತಪ್ಪು ತಿಳಿದೆ ಎಂದು ನನಗೆ ನಾನೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಒಂದೇ ದಿನದಲ್ಲಿ ಗೊತ್ತಾಗಿತ್ತು. ಮನೆಗೆ ಬಂದು ಪಾಟಿ ಇಳಿಸಬಹುದಿತ್ತು. ಬಸಣ್ಣ ನೋಡಿದರೆ ಏನು ಅಂದಾನು ಎಂದು ಇಳಿಸಲಿಲ್ಲ.

ಸುಮಾರು ಒಂದು ತಿಂಗಳಾಗಿರಬೇಕು. ಒಂದು ಮಂಗಳವಾರ ಬೀಗ್ತಿ ಕುಂಕುಮದ ಭರಣಿ ಹಿಡಿದು ಪಾಟಿಯ ಮುಂದೆ ನಿಂತಿದ್ದರು. ಎದುರಿನಿಂದ ಬಸಣ್ಣ ಕೂಗಿದ.

"ಅಕ್ಕಾರ, ಯಾವ ದೇವರಿಗಿ ಪೂಜಾ ಮಾಡಾಕತ್ತೀರಿ? ಈ ಮನ್ಯಾಗ ತೆಲುಗು ವದ್ದು ಅಂತ ಬರ್ದಾನ ನಿಮ್ಮ ಬೀಗ!"

ವದ್ದು ಎಂದರೆ ಬೇಡ. ಅದನ್ನು ಅವನು ತೆಲುಗಿನಲ್ಲೇ ಹೇಳಿದ, ಅರ್ಥವಾಗಲಿ ಎಂದು. ಬೀಗ್ತಿ ತಿರುಗಿ ನನ್ನನ್ನು ನೋಡಿದರು. ನಾನು ಡಬ್ಬಿಯ ಬಣ್ಣ ಕಲಸುತ್ತಿದ್ದೆ. ಕಲಸಿ ಮುಗಿದಿದ್ದ ಬಣ್ಣವನ್ನು ಮತ್ತೆ ಕಲಸಿದೆ. ಅವರ ಬೆರಳಿಗೆ ಆಗಲೇ ಕುಂಕುಮ ಹತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ. ಪಾಟಿಗೆ ಹಚ್ಚಿ, ಒಳಗೆ ಹೋಗಿ, ಮಧ್ಯಾಹ್ನದ ಅಡುಗೆ ಮುಗಿಸಿ, ಮಗಳು ಪಾಳಿ ಮುಗಿಸಿ ಬಂದ ಮೇಲೆ ಕೈಚೀಲ ಹಿಡಿದು ಹೊರಬಂದರು.

"ವಸ್ತಾ ಅನ್ನಾ," ಎಂದರು. ಬರ್ತೀನಣ್ಣ ಎಂದು. ಹೋಗುವಾಗ ನಾವೂ ಹಾಗೇ ಅನ್ನುತ್ತೇವೆ.

ಆಮೇಲೆ ಮನೆಯಲ್ಲಿ ಕನ್ನಡ ಮಾತ್ರ ಉಳಿಯಿತು. ಬೋರ್ಡಿನಂತೆ ತೆಲುಗು ಬಿಟ್ಟ ಸುಜಾತಳಿಗೆ ಇದ್ದದ್ದು ಆಸ್ಪತ್ರೆಯ ಕನ್ನಡ. ಬಾ, ಉಣ್ಣು, ಮಲಗು ಎಂದು ಮೂರು ಮಾತು ಆಡಿದರೆ ಅವಳ ಮಾತು ಮುಗಿಯುತ್ತಿತ್ತು. ಹಗಲೆಲ್ಲ ಕೂಸು ನನ್ನ ಬಳಿ. ಬ್ರಷ್ ಹಿಡಿದರೆ ನಾನು ಮಾತಾಡುವವನಲ್ಲ. ಒಂದು ವಾರ ಪಲ್ಲವಿ ಬಾಗಿಲು ನೋಡುತ್ತ ಕೂತಳು. ಆಮೇಲೆ ಮಾತು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ನೀರು ಬೇಕಾದರೆ ಕೊಡದ ಕಡೆ ಬೆರಳು, ಹಸಿವಾದರೆ ಹೊಟ್ಟೆಯ ಮೇಲೆ ಕೈ.

ಅಕ್ಷರಮಾಲೆಯ ಚಾರ್ಟು ತಂದು ಕಡ್ಡಿ ಹಿಡಿದು ಅ ಅಂದರೆ ಅರಸ ಎಂದೆ. ಅವಳು ಅರಸನನ್ನು ನೋಡಲಿಲ್ಲ, ಕಡ್ಡಿಯನ್ನೇ ನೋಡುತ್ತಿದ್ದಳು. ದೇವಸುಗೂರಿಗೆ ಕರೆದೊಯ್ದು ಹರಕೆ ಹೊತ್ತೆ. ಸುಗೂರೇಶ್ವರನ ಮುಂದೆ ಕೂಸಿಗೆ ಮಾತು ಕೊಡಪ್ಪಾ ಎಂದು ಬೇಡಿದೆನೇ ಹೊರತು, ಕಸಿದುಕೊಂಡವನು ನಾನೇ ಎಂದು ಅಲ್ಲೂ ಬಾಯಿ ಬಿಡಲಿಲ್ಲ. ಒಂದು ಸಂಜೆ ತಡೆಯಲಾರದೆ ಸುಜಾತಳನ್ನೇ ಗದರಿದೆ. "ತಾಯಿ ಆದಾಕಿ ನೀನು, ಕೂಸಿನ ಜೋಡಿ ನಾಕು ಮಾತಾಡಾಕ ಬರಂಗಿಲ್ಲೇನು?"

ಅವಳು ಸಮವಸ್ತ್ರವನ್ನೂ ಬದಲಿಸಿರಲಿಲ್ಲ. "ಮಾವಾರ, ನಂಗ ಕನ್ನಡದಾಗ ಜೋಗುಳ ಬರಂಗಿಲ್ಲ," ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಐದು ತಿಂಗಳಾದ ಮೇಲೆ, ಕೂಸನ್ನು ಆಗಷ್ಟೇ ಸೇರಿಸಿದ್ದ ಅಂಗನವಾಡಿಯ ಟೀಚರಮ್ಮ ನನ್ನನ್ನು ಕರೆಸಿದರು. ವಯಸ್ಸಿನಲ್ಲಿ ನನ್ನ ಮಗಳಾಗಬೇಕಾದವರು. ಸುಜಾತ ಕೂಸಿನ ಕಿವಿ ಪರೀಕ್ಷೆ ಮಾಡಿಸಿ ತಂದಿದ್ದ ಡಾಕ್ಟರ ಚೀಟಿ ನೋಡಿ ಬದಿಗಿಟ್ಟು ನನ್ನ ಕಡೆ ತಿರುಗಿದರು.

"ಯಜಮಾನ್ರ, ಕೂಸಿನ ಕಿವಿ ಛಲೋ ಅದಾವ, ನಾಲಿಗಿ ಛಲೋ ಅದ. ಮನ್ಯಾಗ ಮಾತೇ ಇಲ್ಲಂದ್ರ ಅದು ಎಲ್ಲಿಂದ ತರ್ಬೇಕು?"

"ಎರಡು ಭಾಷಾ ಆದ್ರ ಗಲಿಬಿಲಿ ಆಗ್ತದಲ್ರೀ, ಅದಕ್ಕ..."

"ನೀವೀಗ ಬರೋವಾಗ ಆಟೋದವನ ಜೋಡಿ ಉರ್ದು ಮಾತಾಡಿದ್ರಿ. ಬಾಗಲಾಗ ಕಾಯಿಪಲ್ಲೆ ಮಾರಾಕಿ ಜೋಡಿ ತೆಲುಗು ಮಾತಾಡಿದ್ರಿ. ನನ್ನ ಜೋಡಿ ಕನ್ನಡ. ಗಲಿಬಿಲಿ ಆಯ್ತೇನ್ರಿ ನಿಮಗ?"

ಟೀಚರಮ್ಮ ಚೀಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.

"ತಾಯಿಗಿ ಯಾವ ಭಾಷಾದಾಗ ಮನಸು ಬಿಚ್ಚಿ ಮಾತಾಡಾಕ ಬರ್ತದೋ ಅದ್ರಾಗೇ ಮಾತಾಡ್ಲಿ. ಅಜ್ಜಿಗಿ ಕಥಿ ಹೇಳಾಕ ಬಿಡ್ರಿ. ಮಾತು ತುಂಬಿದ್ರ ಅಕ್ಷರ ತಾವೇ ಬರ್ತಾವ. ಕನ್ನಡ ಕಲ್ಸೋದು ನಮಗ ಬಿಡ್ರಿ, ಅದಕ್ಕೇ ಕೂತೀವಿ ಇಲ್ಲಿ."

ಮನೆಗೆ ಬಂದವನೇ ಪಾಟಿ ಇಳಿಸಿ ಟ್ರಂಕಿನ ಹಿಂದೆ ತುರುಕಿದೆ. ಸುಜಾತಳಿಗೆ, "ಬೀಗ್ತಿಯವ್ರಿಗಿ ಬರ್ಲಿಕ್ಕೆ ಹೇಳವ್ವ," ಎಂದೆ. ನಾನೇ ಮಾನ್ವಿಗೆ ಹೋಗಬೇಕಿತ್ತು, ಫೋನಾದರೂ ಮಾಡಬೇಕಿತ್ತು. ಸೊಸೆಯ ಬಾಯಿಂದ ಹೇಳಿಸಿದೆ.

ಮರುದಿನ ಬೆಳಗಿನ ಬಸ್ಸಿಗೇ ಬಂದರು. ಅದೇ ಕೈಚೀಲ. ನನ್ನತ್ತ ನೋಡಿ "ಬಾಗುನ್ನಾರಾ ಅನ್ನಾ?" ಎಂದು ಕ್ಷೇಮ ಕೇಳಿ ಒಳಗೆ ಹೋದರು. ಬಾಗಿಲ ಪಕ್ಕದ ಬರಿ ಮೊಳೆಯನ್ನು ನೋಡಿದರೋ ಇಲ್ಲವೋ ತಿಳಿಯದು. ನಾನು ಕಟ್ಟೆಯ ಮೇಲೆ ಕೂತೆ. ಒಳಗೆ ಅವರು ನೆಲದ ಮೇಲೆ ಕೂತದ್ದು ಕೇಳಿಸಿತು.

"ಚೆಪ್ಪು ತಲ್ಲೀ. ಚೆಪ್ಪು."

ಸದ್ದಿಲ್ಲ. ಮತ್ತೊಮ್ಮೆ ಅಂದರು. ಮತ್ತೂ ಸದ್ದಿಲ್ಲ. ಕೂಸು ಮರೆತೇಬಿಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಪಲ್ಲವಿ ಹೊಸ್ತಿಲಿಗೆ ಬಂದಳು. ಬೀಗ್ತಿ ಆಗಷ್ಟೇ ಬಿಟ್ಟಿದ್ದ ಚಪ್ಪಲಿಗಳಲ್ಲಿ ಒಂದನ್ನು ಎತ್ತಿಕೊಂಡಳು. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಎತ್ತಿಕೊಂಡಳು. ಆಟದಲ್ಲಿ ಯಾವಾಗಲೂ ಒಂದೇ ತರುತ್ತಿದ್ದಳು. ಎರಡನ್ನೂ ಅವುಚಿಕೊಂಡು ಒಳಗೆ ಹೋಗಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಅವರ ಮುಂದೆ ಬಂದು ನಿಂತಳು.

"ಪೋವದ್ದು ಅವ್ವಾ," ಎಂದಳು.

ಹೋಗಬೇಡ ಎಂದು. ಐದು ತಿಂಗಳ ಮೇಲೆ ಆಡಿದ ಮೊದಲ ಮಾತು. ಅದು ಕನ್ನಡವಲ್ಲ ಎಂಬುದು ನನಗೆ ಹೊಳೆಯಲೂ ಇಲ್ಲ. ಟವೆಲಿನಿಂದ ಮುಖ ಮುಚ್ಚಿಕೊಂಡೆ. ಬಸಣ್ಣ ಎದುರಿನಿಂದ "ಏನಾತೋ?" ಎಂದ. "ಕಣ್ಣಾಗ ಟರ್ಪೆಂಟೈನ್ ಬಿತ್ತು," ಎಂದೆ.

ಈಗ ಪಲ್ಲವಿಯ ಬಾಯಿ ನಿಲ್ಲಿಸುವುದೇ ಕಷ್ಟ. ಶಾಲೆಯಲ್ಲಿ ಕನ್ನಡದ ಕಥೆಪುಸ್ತಕ ಅವಳೇ ಮೊದಲು ಮುಗಿಸುವುದು. ಬೀಗ್ತಿ ಮನೆಯ ಕ್ಯಾಲೆಂಡರ್ ನೋಡಿ ತೆಲುಗು ಓದಲು ತಾನೇ ಕಲಿತಳು. ಕೆಲವೊಮ್ಮೆ ಕನ್ನಡದ ಮೈಗೆ ತೆಲುಗಿನ ತಲೆ ಇಡುತ್ತಾಳೆ. ನಾನು ತಿದ್ದುವುದಿಲ್ಲ, ಅದು ತಾನಾಗಿ ಸರಿಹೋಗುತ್ತದೆ. ಬೀಗ್ತಿ ಅವಳು ಶಾಲೆಗೆ ಸೇರುವವರೆಗೆ ಇದ್ದು, ಕ್ಯಾಂಪಿಗೆ ಮರಳಿದರು. ಅಷ್ಟು ದಿನ ಒಂದೇ ಸೂರಿನ ಕೆಳಗಿದ್ದರೂ ಅವರು ಆ ಪಾಟಿಯ ಮಾತೆತ್ತಲಿಲ್ಲ. ಅವರು ಎತ್ತಲಿಲ್ಲ ಎಂದು ನಾನೂ ಎತ್ತಲಿಲ್ಲ. ಈ ಬೇಸಿಗೆಯಿಂದ ಅವರಿಗೆ ಕಿವಿ ಮಂದವಾಗಿದೆಯಂತೆ. ಜೋರಾಗಿ ಹೇಳಬೇಕಂತೆ. ಮೆಲ್ಲಗೆ ಹೇಳಿ ಮುಗಿಸಬಹುದಾಗಿದ್ದ ಮಾತು, ಈಗ ಕ್ಯಾಂಪಿನ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕು. ನನಗೆ ತಕ್ಕದ್ದೇ.

ಇವತ್ತು ಮಧ್ಯಾಹ್ನ ಪಲ್ಲವಿ ಶಾಲೆಯಿಂದ ಬಂದಾಗ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ. ಬೋರ್ಡು ನನ್ನದು, ಕುಂಕುಮ ನಿಮ್ಮ ಅವ್ವನದು ಎಂದೆ. ಅವಳು ಚೀಲದಿಂದ ಪಾಟಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ತಾತಾ, ನೀ ಭಾಳ ಕೆಟ್ಟವನಿದ್ದಿ ಆಗ."

"ಹೌದವ್ವ."

"ಅವ್ವನಿಗಿ ಹೇಳೀಯೇನು?"

"ಇಲ್ಲ. ತಪ್ಪಾಯ್ತು ಅನ್ನಾಕ ಅವರ ಮಾತಿನಾಗ ಏನಂತಾರ?"

"ತಪ್ಪಯಿಂದಿ."

"ಅಷ್ಟೇನಾ?"

"ಅಷ್ಟೇ ತಾತಾ. ಭಾಳ ಫರಕಿಲ್ಲ."

ಮೈ ಒಂದೇ, ಬಾಲ ಮಾತ್ರ ಬೇರೆ. ಆರು ವರ್ಷದಿಂದ ನಾನು ದಾಟಲಾರದೆ ನಿಂತ ದೂರ ಅಷ್ಟೇ ಇತ್ತು. ಬ್ಲೇಡು ತಂದು ಪಾಟಿಯ ಒಣಗಿದ ಬಣ್ಣ ಕೆರೆಯಲು ಕೂತೆ. ಪಲ್ಲವಿ ಕುಂಕುಮದ ಮೇಲೆ ಅಂಗೈ ಮುಚ್ಚಿ ಹಿಡಿದಳು. ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಅಳಿಸಿದೆ. ಖಾಲಿಯಾದ ಜಾಗದಲ್ಲಿ ಬೀಗ್ತಿಯ ಹೆಸರು ಬರೆಯೋಣವೆಂದು ಬ್ರಷ್ ಎತ್ತಿಕೊಂಡಾಗ, ಊರಿನವರ ಹೆಸರನ್ನೆಲ್ಲ ಬರೆದ ನಾನು ಆ ಹೆಸರನ್ನು ಒಮ್ಮೆಯೂ ಬರೆದಿಲ್ಲವೆಂದು ನೆನಪಾಯಿತು. ಬಾಯಿಬಿಟ್ಟು ಕರೆದದ್ದೂ ಇಲ್ಲ. ಲಗ್ನಪತ್ರಿಕೆಯಲ್ಲಿ ಕೂಡ ಅವರ ಗಂಡನ ಹೆಸರಿತ್ತು. ಈಗ ಬರೆದೆ. ಮೇಲೆ ಕನ್ನಡದ ತಲೆಕಟ್ಟಿನಲ್ಲಿ ಒಮ್ಮೆ, ಕೆಳಗೆ ತೆಲುಗಿನದರಲ್ಲಿ ಒಮ್ಮೆ. ಬಣ್ಣ ಒಣಗಲು ಭಾನುವಾರದವರೆಗೆ ಸಮಯವಿದೆ. ಅಷ್ಟರಲ್ಲಿ ನನ್ನ ಧೈರ್ಯವೂ ಒಣಗಿಹೋದೀತೆಂಬ ಹೆದರಿಕೆಗೆ ಆ ಹೆಸರನ್ನು ಇಲ್ಲೂ ಬರೆದಿಡುತ್ತಿದ್ದೇನೆ.

ಸುಂಕಮ್ಮ.